ಡಿಮೀಟರ್ ನಮ್ಮ ಭೂತಾಯಿಯಲ್ಲ

ಗ್ರೀಕರ ಕೃಷಿದೇವತೆ ಡಿಮೀಟರಳ ಪ್ರಸ್ತಾಪ ಬಂದಾಗಲೆಲ್ಲ ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರು “ಅವಳೂ ನಮ್ಮ ಭೂತಾಯಿಯೇ” ಎಂದು ಮಾತು ಮುಗಿಸಿಬಿಡುತ್ತಾರೆ. ಈ ಅವಸರ ನನಗೆ ಒಪ್ಪಿಗೆಯಿಲ್ಲ. ಆ ಹೆಸರಿನ ಉತ್ತರಾರ್ಧಕ್ಕೆ ತಾಯಿ ಎಂಬ ಅರ್ಥವಿರುವುದರಲ್ಲಿ ತಕರಾರಿಲ್ಲವಾದರೂ, ಪೂರ್ವಾರ್ಧವನ್ನು ಭೂಮಿ ಎಂದವರೂ ಜವೆಗೋಧಿ ಎಂದವರೂ ಮನೆ ಎಂದವರೂ ಇದ್ದಾರೆ. ಗ್ರೀಕರಿಗೆ ಭೂಮಿಯೆಂದರೆ ಗಾಯಾ ಎಂಬ ಬೇರೆಯೇ ದೇವತೆ. ಡಿಮೀಟರ್ ಪೈರಿನ ಒಡತಿ, ಮಗಳು ಪರ್ಸೆಫೊನಿಯನ್ನು ಪಾತಾಳದ ದೊರೆ ಹೇಡಿಸ್ ಹೊತ್ತೊಯ್ದಾಗ ಬಿತ್ತಿದ ಬೀಜ ಮೊಳೆಯದಂತೆ ತಡೆದು ಒಲಿಂಪಸ್ಸಿನ ದೇವತೆಗಳನ್ನೇ ಮಣಿಸಿದ ಹಟದ ತಾಯಿ.

ಹಬ್ಬಗಳಲ್ಲಿ ಈ ಅಂತರ ಇನ್ನೂ ಸ್ಪಷ್ಟವಾಗಿದೆ. ಅಥೆನ್ಸಿನಲ್ಲಿ ಅಕ್ಟೋಬರ್ ಸುಮಾರಿಗೆ, ಬಿತ್ತನೆಗೆ ಮುನ್ನ, 3 ದಿನ ನಡೆಯುತ್ತಿದ್ದ ಡಿಮೀಟರಳ ಹಬ್ಬ ಥೆಸ್ಮೊಫೋರಿಯಾಕ್ಕೆ ಗಂಡಸರಿಗೆ ಪ್ರವೇಶವಿರಲಿಲ್ಲ. ನಡುವಿನ ದಿನ ಹೆಂಗಸರು ನೆಲದ ಮೇಲೆ ಕೂತು ಉಪವಾಸವಿರುತ್ತಿದ್ದರು, ಮೊದಲೇ ಗುಂಡಿಗೆ ಎಸೆದಿದ್ದ ಹಂದಿಮರಿಗಳ ಕೊಳೆತ ಅವಶೇಷವನ್ನು ಮೇಲೆತ್ತಿ ಬಿತ್ತನೆ ಬೀಜಕ್ಕೆ ಬೆರೆಸಲೆಂದು ಇಡುತ್ತಿದ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವ ನಮ್ಮ ಸೀಗೆ ಹುಣ್ಣಿಮೆಯಲ್ಲಿ ಪೈರು ತೆನೆಗಟ್ಟುತ್ತಿರುತ್ತದೆ. ಹೊಲವೇ ತುಂಬು ಬಸುರಿ, ಅವಳಿಗೆ ಸೀಮಂತ. ಉಪವಾಸದ ಮಾತೇ ಇಲ್ಲ, ಮನೆಮಂದಿಯೆಲ್ಲ ಹೊಲಕ್ಕೆ ಅಡುಗೆಯ ಚರಗ ಚೆಲ್ಲಿ ಅಲ್ಲಿಯೇ ಉಂಡು ಬರುತ್ತಾರೆ.

ನಾನಿರುವ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಮ್ ಮ್ಯೂಸಿಯಂನಲ್ಲಿ ಡಿಮೀಟರಳ ಕ್ಷೇತ್ರವಾದ ಎಲೆವ್ಸಿಸ್‌ನಿಂದ ತಂದ ಅಮೃತಶಿಲೆಯ ಬೃಹತ್ ಸ್ತ್ರೀಮೂರ್ತಿಯೊಂದಿದೆ. ಅದರ ಕುತ್ತಿಗೆಯವರೆಗೂ ಗೊಬ್ಬರ ಪೇರಿಸಿದರೆ ಬೆಳೆ ಚೆನ್ನಾಗಿ ಬರುತ್ತದೆಂದು ನಂಬಿದ್ದ ಹಳ್ಳಿಗರ ವಿರೋಧವನ್ನು ಲೆಕ್ಕಿಸದೆ ಇಂಗ್ಲಿಷ್ ಪ್ರವಾಸಿ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ 1801ರಲ್ಲಿ ಅದನ್ನು ಸಾಗಿಸಿದ. (ನನ್ನ ಮಟ್ಟಿಗೆ ಅದು ಕಳವೇ.) ಅವನು ಡಿಮೀಟರ್ ಎಂದುಕೊಂಡದ್ದು ದ್ವಾರಮಂಟಪದ ಕಂಬದ ಮೂರ್ತಿಯೆಂದು ಆಮೇಲೆ ಗೊತ್ತಾಯಿತು. ಅವಳ ತಲೆಯ ಮೇಲಿನ ಪವಿತ್ರ ಬುಟ್ಟಿಯಲ್ಲಿ ತೆನೆಗಳನ್ನು ಕೆತ್ತಿದ್ದಾರೆ. ಹೋಲಿಸಲೇಬೇಕೆಂದರೆ ದೇವಿಯರನ್ನು ಬಿಟ್ಟು, ಶಿವಮೊಗ್ಗದ ಕಡೆಯ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುವ, ಸೀಗೆ ಹುಣ್ಣಿಮೆಯ ಅಡುಗೆಯನ್ನು ಹೊಲಕ್ಕೆ ಒಯ್ಯುವ ಭೂಮಣ್ಣಿ ಬುಟ್ಟಿಯನ್ನು ಇದರ ಪಕ್ಕದಲ್ಲಿಡಬಹುದು. ಅಲ್ಲಿಯೂ ವ್ಯತ್ಯಾಸ ತಪ್ಪದು: ನಮ್ಮ ಬುಟ್ಟಿಯಲ್ಲಿರುವ ಅಡುಗೆ ಯಾವುದೆಂದು ಊರಿಗೆಲ್ಲ ಗೊತ್ತು, ಎಲೆವ್ಸಿಸ್‌ನಲ್ಲಿ ಡಿಮೀಟರಳಿಗೆ ನಡೆಯುತ್ತಿದ್ದ ಗುಪ್ತ ಆಚರಣೆಗಳ ರಹಸ್ಯವನ್ನು ಹೊರಗೆಡಹಿದವನಿಗೆ ಮರಣದಂಡನೆಯೇ ಇತ್ತು.