ದೊಡ್ಡದಾದ ಮೇಲೆ ದುರ್ಗದ ಬೆಟ್ಟಕ್ಕೆ ಬಿಡ್ತಾರಂತೆ!

ಬೆಳಗ್ಗೆ ಡೈರಿಗೆ ಹಾಲು ಹಾಕೋಕೆ ಹೋದವಳು ಜಗಳ ಆಡಿಕೊಂಡು ಬಂದೆ. ಮನೆಯಲ್ಲಿ ಬೈಸಿಕೊಂಡಿದ್ದೂ ಆಯ್ತು. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಉದ್ದ ಆಗುತ್ತೆ, ಬೇಡದವರು ಮುಂದಕ್ಕೆ ಹೋಗಿ.

ಕ್ಯಾನ್ ಇಟ್ಟು ಸಾಲಲ್ಲಿ ನಿಂತಿದ್ದೆ. ಪಕ್ಕದ ಬೀದಿ ಹುಡುಗ ಮೊಬೈಲ್ ಮುಂದೆ ಹಿಡಿದ. "ನೋಡಕ್ಕ, ಎಷ್ಟು ಮುದ್ದಾಗೈತೆ." ಚಿರತೆ ಮರಿ. ಯಾವ ಊರೋ, ಯಾರ ಮನೆಯೋ, ಎಲ್ಲೆಲ್ಲೋ ಸುತ್ತಿ ಬಂದ ವಿಡಿಯೋ. ಮರಿಗೆ ಒಂದು ತಿಂಗಳಾಗಿರಬಹುದು. ಕೆಂಪು ಪ್ಲಾಸ್ಟಿಕ್ ಚೇರಿನ ಮೇಲೆ ಟವೆಲ್ ಹಾಸಿ ಕೂರಿಸಿದ್ದಾರೆ. ಒಬ್ಬರು ಕತ್ತು ಹಿಡಿದಿದ್ದಾರೆ, ಇನ್ನೊಬ್ಬರು ಮಗುವಿನ ಹಾಲಿನ ಬಾಟ್ಲಿ ಬಾಯಿಗೆ ತುರುಕುತ್ತಿದ್ದಾರೆ. ಹಾಲು ಮೂಗಿಂದ ಬರ್ತಿದೆ. ಕಿವಿ ಎರಡೂ ತಲೆಗೆ ಅಂಟಿಕೊಂಡಿವೆ, ಬಾಯಿ ಅಗಲ ಮಾಡಿ ಬುಸುಗುಡ್ತಿದೆ. ಜೀವ ಹೋಗುವಷ್ಟು ಹೆದರಿದೆ ಅದು. ವಿಡಿಯೋ ಮೇಲೆ ಏನು ಬರೆದಿದ್ದಾರೆ ಗೊತ್ತಾ? "ಹೇಗೆ ನಗ್ತಾ ಇದೆ ನೋಡಿ." ಹಿಂದೆ ಕಣ್ಣೀರು ಬರಿಸೋ ಹಾಡು ಬೇರೆ.

ಅಷ್ಟಕ್ಕೇ ಆಗಿದ್ದರೆ ಸುಮ್ನೆ ಬರ್ತಿದ್ದೆ. ಹುಡುಗ ಮುಂದೆ ಹೇಳಿದ ಮಾತು ಕೇಳಿ: "ನಮಗೇನಾದ್ರೂ ಸಿಕ್ಕಿದ್ರೆ ನಾವೂ ಸಾಕ್ತಿದ್ವಿ ಕಣಕ್ಕ. ದೊಡ್ಡದಾದ್ಮೇಲೆ ದುರ್ಗದ ಬೆಟ್ಟಕ್ಕೆ ಬಿಟ್ರಾಯ್ತು." ಅಲ್ಲಿದ್ದ ಹಿರಿಯರೂ ಹೌದು ಹೌದು ಅಂತ ತಲೆ ಆಡಿಸಿದರು.

ಬಿಟ್ರಾಯ್ತಂತೆ! ನಮ್ಮ ತುಮಕೂರು ಪಕ್ಕದ ದೇವರಾಯನದುರ್ಗಕ್ಕೆ!

ನಿಮಗೆ ಗೊತ್ತೇ ಇದೆ, ನಮ್ಮ ತೋಟ ಇರೋದು ತುಮಕೂರಿನ ಹೆಬ್ಬೂರು ಕಡೆ. 2019-20ರ ಚಳಿಗಾಲ ಇಲ್ಲಿನವರು ಯಾರೂ ಮರೆತಿಲ್ಲ. ಹೆಬ್ಬೂರು, ಸಿ.ಎಸ್. ಪುರ ಕಡೆ ಚಿರತೆ ದಾಳಿಗೆ ಜನ ಸತ್ತರು, ಅದರಲ್ಲಿ ಸಣ್ಣ ಮಕ್ಕಳೂ ಇದ್ದರು. ಸಂಜೆ ಆರಕ್ಕೆಲ್ಲ ಬಾಗಿಲು ಹಾಕಿಕೊಂಡು ಕೂರ್ತಿದ್ವಿ. ನನ್ನನ್ನು ಪ್ರಾಣಿಪ್ರೇಮಿ ಅಂತ ಟ್ಯಾಗ್ ಮಾಡೋ ಗೆಳತಿಯರಿಗೆ ಇವತ್ತು ಒಂದು ನಿಜ ಹೇಳಿಬಿಡ್ತೀನಿ. ನನಗೆ ಚಿರತೆ ಕಂಡರೆ ಪ್ರೀತಿ ಉಕ್ಕೋದೇನೂ ಇಲ್ಲ. ನನಗೆ ಭಯ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿ ಬಂದಾಗ ಟಾರ್ಚ್ ಹಿಡಿದು ಪಂಪ್‌ಹೌಸಿಗೆ ಹೋಗ್ತೀನಲ್ಲ, ಆಗ ಬಾಯಿಗೆ ಬಂದ ದೇವರ ಹೆಸರೆಲ್ಲ ಹೇಳಿಕೊಂಡೇ ಹೋಗೋದು. ಒಂದು ರಾತ್ರಿ ತೆಂಗಿನ ಸಾಲಿನ ಕೊನೆಗೆ ಎರಡು ಕಣ್ಣು ಹೊಳೆದವು. ನಾನು ಕೆಮ್ಮಿದೆ. ಕೂಗೋಕೆ ಗಂಟಲೇ ಏಳಲಿಲ್ಲ, ಕೆಮ್ಮು ಬಂತು. ಅದು ಎದ್ದು, ಬೇಲಿ ನುಸುಳಿ ಹೋಯ್ತು.

ಯಾಕೆ ಹೋಯ್ತು? ನನ್ನ ಕಂಡು ಹೆದರಿ. ನಾನು ಇವತ್ತು ಇಲ್ಲಿ ಕೂತು ಬರೀತಿರೋದು ಆ ಭಯದಿಂದಲೇ. ಅದನ್ನು ಅದಕ್ಕೆ ಕಲಿಸಿದ್ದು ಅದರ ತಾಯಿ. ಚಿರತೆ ಮರಿ ಮೂರು ತಿಂಗಳ ಹೊತ್ತಿಗೆ ಹಾಲು ಬಿಟ್ಟರೂ ಒಂದು, ಒಂದೂವರೆ ವರ್ಷ ತಾಯಿ ಜೊತೆಗೇ ಇರುತ್ತದೆ. ಎಲ್ಲಿ ಅಡಗಬೇಕು, ಎಷ್ಟು ಹತ್ತಿರ ಹೋಗಿ ಹಾರಬೇಕು, ಹಂದಿ ತಿರುಗಿ ಬಿದ್ದರೆ ಏನು ಮಾಡಬೇಕು, ಎಲ್ಲಾ ಅಲ್ಲಿಯೇ. ಬೇಟೆ ಬೇಕಾದರೆ ಹೇಗೋ ಕಲಿತೀತು, ಅದು ರಕ್ತದಲ್ಲೇ ಇದೆ. ಮನುಷ್ಯನ ಸದ್ದು ಕೇಳಿದರೆ ಜಾರಿಕೊಳ್ಳಬೇಕು ಅನ್ನೋದನ್ನು ಬಾಟ್ಲಿ ಹಿಡಿದವರು ಕಲಿಸ್ತಾರಾ? ಅವರು ಕಲಿಸೋದು ತದ್ವಿರುದ್ಧ. ಮನುಷ್ಯ ಬಂದ, ಅಂದರೆ ಊಟ ಬಂತು.

ಅಂಥ ಚಿರತೆ ದೊಡ್ಡದಾದ ಮೇಲೆ ನಾನು ಕೆಮ್ಮಿದರೆ ಎದ್ದು ಹೋಗಲ್ಲ. ಹತ್ತಿರ ಬರುತ್ತದೆ.

ಈಗ ನೀವು ಆ ಸಿಂಹದ ವಿಡಿಯೋ ಕಳಿಸ್ತೀರಿ, ಗೊತ್ತು. ಇಬ್ಬರು ಹುಡುಗರನ್ನು ಸಿಂಹ ಓಡಿ ಬಂದು ಅಪ್ಪಿಕೊಳ್ಳುತ್ತಲ್ಲ, ಅದು. ನಾನೂ ನೋಡಿದ್ದೀನಿ, ಅತ್ತಿದ್ದೀನಿ. ಆ ಸಿಂಹದ ಹೆಸರು ಕ್ರಿಶ್ಚಿಯನ್. 1969ರಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿಯಲ್ಲಿ ಮಾರಾಟಕ್ಕಿತ್ತು. ಹೌದು, ಅಂಗಡಿಯಲ್ಲಿ! ಆ ಹುಡುಗರು ತಂದು ಸಾಕಿದರು, ಆಮೇಲೆ ಕೀನ್ಯಾದ ಕೋರಾ ಅನ್ನೋ ಕಡೆ ಸಿಂಹಗಳನ್ನು ಕಾಡಿಗೆ ಒಗ್ಗಿಸುತ್ತಿದ್ದ ಜಾರ್ಜ್ ಆಡಮ್‌ಸನ್ ಹತ್ತಿರ ಕಳಿಸಿದರು. ಅಪ್ಪುಗೆ ನಡೆದದ್ದು 1971ರಲ್ಲಿ. ಆದರೆ ಅದೇ 1971ರಲ್ಲಿ, ಅದೇ ಕ್ಯಾಂಪಿನಲ್ಲಿ, ಕ್ರಿಶ್ಚಿಯನ್ ಜೊತೆಗೇ ಇದ್ದ ಬಾಯ್ ಅನ್ನೋ ಇನ್ನೊಂದು ಸಿಂಹ ಏನು ಮಾಡಿತು ಅಂತ ಯಾರಾದರೂ ಕಳಿಸಿದ್ದೀರಾ? ಅದೂ ಜನರ ನಡುವೆ ಬೆಳೆದದ್ದೇ. ಕ್ಯಾಂಪಿನಲ್ಲಿ ಕೆಲಸಕ್ಕಿದ್ದ ಸ್ಟ್ಯಾನ್ಲಿ ಅನ್ನುವವರನ್ನು ಕಚ್ಚಿ ಕೊಂದಿತು. ಕೂಗು ಕೇಳಿ ಓಡಿ ಬಂದ ಆಡಮ್‌ಸನ್, ತಾನೇ ಸಾಕಿದ ಸಿಂಹಕ್ಕೆ ತಾನೇ ಗುಂಡು ಹೊಡೆದರು. ಅದಕ್ಕೆ ಹಾಡು ಹಾಕಿದವರಿಲ್ಲ. ಸತ್ತವರು ಕೆಲಸದಾಳು ಅಲ್ವಾ, ಯಾರು ನೆನಪಿಟ್ಟುಕೊಳ್ತಾರೆ.

ಅವರದ್ದೇ ಎಲ್ಸಾ ಅನ್ನೋ ಹೆಣ್ಣು ಸಿಂಹ ಇನ್ನೂ ಫೇಮಸ್ಸು. 1956ರಲ್ಲಿ ಆಡಮ್‌ಸನ್ ಅದರ ತಾಯಿಯನ್ನು ಕೊಲ್ಲಬೇಕಾಗಿ ಬಂತು, ಗಂಡಹೆಂಡತಿ ಆ ಮರಿಯನ್ನು ಸಾಕಿ ಕಾಡಿಗೆ ಬಿಟ್ಟರು. ಅದು ಬೇಟೆ ಕಲಿಯಿತು, ಮೂರು ಮರಿಯನ್ನೂ ಹಾಕಿತು. 1961ರ ಜನವರಿಯಲ್ಲಿ ಉಣ್ಣೆ ಹುಳು ಕಚ್ಚಿ ಬರೋ ಜ್ವರಕ್ಕೆ ಸತ್ತಿತು. ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸ್ತಾರೆ. ಆಮೇಲೆ ಆ ಮೂರು ಮರಿಗಳು ಊರಿನವರ ದನ, ಮೇಕೆ ಹಿಡಿಯೋಕೆ ಶುರು ಮಾಡಿದವು. ಕೊನೆಗೆ ಅವನ್ನು ಹಿಡಿದು ದೂರದ ಸೆರೆಂಗೆಟಿಗೆ ಸಾಗಿಸಬೇಕಾಯ್ತು. ಮೇಕೆ ಕಳಕೊಂಡವರ ಕಥೆಯನ್ನು ಯಾರೂ ಬರೆಯಲಿಲ್ಲ. ಮೇಕೆ ಕಳಕೊಂಡ ನಮಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ.

ನಮ್ಮ ದೇಶದ್ದೇ ಬೇಕಾ? ಉತ್ತರ ಪ್ರದೇಶದ ದುಧ್ವಾದಲ್ಲಿ ಬಿಲ್ಲಿ ಅರ್ಜನ್ ಸಿಂಗ್ ಅಂತ ಇದ್ದರು. ನಿಜಕ್ಕೂ ದೊಡ್ಡ ಮನುಷ್ಯ. ಅವರು ಸಾಕಿ ಕಾಡಿಗೆ ಬಿಟ್ಟ ಚಿರತೆಗಳಲ್ಲಿ ಹ್ಯಾರಿಯೆಟ್ ಅಂತ ಒಂದು ಹೆಣ್ಣು. ಕಾಡಿನಲ್ಲೇ ಮರಿ ಹಾಕಿತು. ಹೊಳೆ ಉಕ್ಕಿ ಪ್ರವಾಹ ಬಂದಾಗ ಏನು ಮಾಡಿತು ಗೊತ್ತಾ? ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಸೀದಾ ಅವರ ಮನೆಯೊಳಕ್ಕೆ ತಂದಿಟ್ಟಿತು. ಕೇಳೋಕೆ ಎಷ್ಟು ಚೆಂದ. ಅರ್ಜನ್ ಸಿಂಗರ ಮನೆ ಇದ್ದದ್ದು ಕಾಡಂಚಿನಲ್ಲಿ, ಅವರಿಗೆ ಅದರ ಗುರುತಿತ್ತು, ಒಳಗೆ ಬಿಟ್ಟುಕೊಂಡರು. ಈಗ ಅದನ್ನೇ ನಮ್ಮೂರಿಗೆ ತಂದು ನೋಡಿ. ಮಳೆಗಾಲದ ರಾತ್ರಿ, ಸಾಕಿದ ನೆನಪಿರೋ ಒಂದು ಹೆಣ್ಣು ಚಿರತೆ, ಮೂರು ಮರಿ ಸಮೇತ ನಿಮ್ಮ ಅಡುಗೆ ಮನೆಗೆ ಬಂದು ಕೂತಿದೆ. ಎಷ್ಟು ಜನ ಟವೆಲ್ ಹಾಸ್ತೀರಿ? ದೊಣ್ಣೆ, ಮಚ್ಚು ಹಿಡಿದು ಬರೋರೇ ಎಲ್ಲಾ. ಬೆಳಗಾಗೋದರೊಳಗೆ ಅದರ ಹೆಣ, ಸುತ್ತ ಸೆಲ್ಫಿ.

ಅವರೇ 1976ರಲ್ಲಿ ಇಂಗ್ಲೆಂಡಿನ ಝೂದಿಂದ ತಾರಾ ಅಂತ ಹುಲಿಮರಿ ತಂದರು, ಬೆಳೆಸಿ ದುಧ್ವಾಕ್ಕೆ ಬಿಟ್ಟರು. ಆಮೇಲೆ ಆ ಸುತ್ತಿನ ಹಳ್ಳಿಗಳಲ್ಲಿ ಹುಲಿಗೆ ಜನ ಬಲಿಯಾಗತೊಡಗಿದಾಗ ಬೆರಳು ಹೋಗಿದ್ದು ತಾರಾ ಕಡೆಗೇ. 1980ರಲ್ಲಿ ಒಂದು ಹೆಣ್ಣುಹುಲಿಯನ್ನು ಗುಂಡಿಟ್ಟು ಕೊಂದು ಇದೇ ತಾರಾ ಅಂದರು. ಅಲ್ಲ ಅಂತ ಅರ್ಜನ್ ಸಿಂಗ್ ಕೊನೆವರೆಗೂ ಹೇಳಿದರು. ಯಾರದ್ದು ಸರಿಯೋ ಬಿಡಿ, ನಾನು ಹೇಳೋದು ಬೇರೆ. ಒಂದು ಸಲ ಸಾಕಿ ಬಿಟ್ಟರೆ ಮುಂದೆ ಆ ಕಾಡಂಚಿನಲ್ಲಿ ಆಗೋ ಪ್ರತಿ ಸಾವಿಗೂ ಜನ ಅದನ್ನೇ ಬೈತಾರೆ. ಅಡ್ಡಾಡೋ ಎಲ್ಲಾ ಹುಲಿಗೂ ಅದರಿಂದ ಕುತ್ತು.

"ಪನ್ನಾದಲ್ಲಿ ಆಯ್ತಲ್ಲ" ಅಂತ ಓದಿಕೊಂಡವರು ಕೇಳ್ತಾರೆ. ಆಯ್ತು, ಒಪ್ಪಿದೆ. ಮಧ್ಯಪ್ರದೇಶದ ಪನ್ನಾದಲ್ಲಿ 2009ರ ಹೊತ್ತಿಗೆ ಒಂದೂ ಹುಲಿ ಉಳಿದಿರಲಿಲ್ಲ. ಕಾನ್ಹಾದಲ್ಲಿ ತಾಯಿ ಸತ್ತ ಎರಡು ಹೆಣ್ಣು ಮರಿಗಳನ್ನು ಬೇಲಿ ಹಾಕಿದ ಕಾಡಿನೊಳಗೇ ವರ್ಷಗಟ್ಟಲೆ ಬೆಳೆಸಿ, ಜಿಂಕೆ ಬೇಟೆ ಕಲಿಯೋಕೆ ಬಿಟ್ಟು, 2011ರಲ್ಲಿ ಪನ್ನಾಕ್ಕೆ ತಂದರು. ಟಿ-4, ಟಿ-5 ಅಂತ ನಂಬರು. ಟಿ-4 ಮರಿಯನ್ನೂ ಹಾಕಿತು. ಭೇಷ್. ಆದರೆ ಅಲ್ಲಿ ಪ್ಲಾಸ್ಟಿಕ್ ಚೇರು ಇರಲಿಲ್ಲ, ಸ್ವಾಮಿ. ಕೇಂದ್ರದ ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮವೇ ಇದೆ: ಅನಾಥ ಹುಲಿಮರಿಯನ್ನು ಕಾಡಿಗೆ ಬಿಡೋ ಮೊದಲು ಕಡಿಮೆ ಅಂದರೂ ಎರಡು ವರ್ಷ ಕಾಡೊಳಗಿನ ಆವರಣದಲ್ಲಿ ಇರಬೇಕು, 50 ಬೇಟೆ ತಾನೇ ಹೊಡೆದಿರಬೇಕು, ಮನುಷ್ಯರನ್ನು ಕಂಡರೆ ದೂರ ಹೋಗಬೇಕು. ಬಿಟ್ಟ ಮೇಲೂ ರೇಡಿಯೋ ಕಾಲರ್ ಹಾಕಿ ಹಗಲುರಾತ್ರಿ ಹಿಂದೆ ತಿರುಗಬೇಕು. ಇದನ್ನೆಲ್ಲ ಡೈರಿ ಮುಂದೆ ನಿಂತವರು ಮಾಡ್ತಾರಂತಾ?

ಇಷ್ಟೆಲ್ಲ ಮಾಡಿದರೂ ಉಳಿಯುತ್ತೆ ಅಂತಿಲ್ಲ. ಮಹಾರಾಷ್ಟ್ರದಲ್ಲಿ ಅವನಿ ಅನ್ನೋ ಹುಲಿಯನ್ನು ಕೊಂದರಲ್ಲ, ಅದರ ಹೆಣ್ಣು ಮರಿಯನ್ನು ಪೆಂಚ್‌ನ ಆವರಣದಲ್ಲಿ ಎರಡು ವರ್ಷಕ್ಕೂ ಜಾಸ್ತಿ ಇಟ್ಟು 2021ರ ಮಾರ್ಚಿನಲ್ಲಿ ಕಾಡಿಗೆ ಬಿಟ್ಟರು. ಅಲ್ಲಿದ್ದ ಇನ್ನೊಂದು ಹುಲಿ ಜೊತೆ ಕಾದಾಡಿ ಗಾಯ ಮಾಡಿಕೊಂಡು, ಅದೇ ತಿಂಗಳು ಸತ್ತುಹೋಯಿತು.

ದುರ್ಗದ ಬೆಟ್ಟವನ್ನು ಇವರು ಖಾಲಿ ಸೈಟು ಅಂದುಕೊಂಡಿದ್ದಾರೆ. ಅಲ್ಲಿನ ಬಂಡೆ ಸಂದಿಗಳಲ್ಲಿ ಆಗಲೇ ಚಿರತೆಗಳಿವೆ, ಒಂದೊಂದಕ್ಕೂ ತನ್ನದು ಅಂತ ಜಾಗ ಇದೆ. 2022ರ ಗಣತಿ ಲೆಕ್ಕದಲ್ಲಿ ಕರ್ನಾಟಕದಲ್ಲಿ 1,879 ಚಿರತೆ, ದೇಶದಲ್ಲೇ ಮೂರನೇ ಜಾಗ. ಹೊಸದಾಗಿ ಹೋಗಿದ್ದು ಜಗಳದಲ್ಲಿ ಸಾಯುತ್ತದೆ, ಇಲ್ಲಾ ಕೆಳಗೆ ಇಳಿಯುತ್ತದೆ. ಕೆಳಗೆ ಯಾರಿದ್ದೀವಿ? ನಾವು, ನಮ್ಮ ನಾಯಿ, ನಮ್ಮ ಮೇಕೆ.

"ಹಂಗಾದ್ರೆ ಸಾಯೋಕೆ ಬಿಡೋದಾ? ತಾಯಿ ಬಿಟ್ಟು ಹೋಗೈತಲ್ಲ" ಅಂತ ಒಬ್ಬರು ನನ್ನ ಮೇಲೇ ರೇಗಿದರು. ಬಿಟ್ಟು ಹೋಗಿಲ್ಲ ಕಣ್ರೀ! ಮರಿಯನ್ನು ರಾಗಿ ಹೊಲದಲ್ಲೋ ಬಂಡೆ ಕೆಳಗೋ ಅಡಗಿಸಿಟ್ಟು ಬೇಟೆಗೆ ಹೋಗಿರುತ್ತದೆ. ಕೂಲಿಗೆ ಹೋಗುವಾಗ ನೀವು ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಲ್ವಾ? ರಾತ್ರಿ ಬಂದು ನೋಡಿದರೆ ಮರಿ ಇಲ್ಲ. ಆಗ ಅದು ಅಲ್ಲೇ ಸುತ್ತುತ್ತದೆ. ಮಾರನೇ ದಿನ "ಊರೊಳಗೆ ಚಿರತೆ" ಅಂತ ಬೋನು ತರಿಸೋದೂ ನೀವೇ.

ಮರಿಯನ್ನು ಕಾಡಿಗೆ ಮರಳಿಸೋ ಸುಲಭದ ದಾರಿ ಇರೋದು ಮೊದಲ ರಾತ್ರಿಯೇ. ಪುಣೆ ಪಕ್ಕದ ಜುನ್ನರ್‌ನಲ್ಲಿ ಕಬ್ಬು ಕಡಿಯುವಾಗ ಚಿರತೆ ಮರಿ ಸಿಗೋದು ಮಾಮೂಲು. ಅಲ್ಲಿ ಅರಣ್ಯ ಇಲಾಖೆಯವರು, ವೈಲ್ಡ್‌ಲೈಫ್ ಎಸ್‌ಒಎಸ್ ಅನ್ನೋ ಪ್ರಾಣಿರಕ್ಷಣೆ ಸಂಸ್ಥೆಯವರು ಮರಿಯನ್ನು ಸಿಕ್ಕ ಜಾಗದಲ್ಲೇ ಪೆಟ್ಟಿಗೆಯಲ್ಲಿ ಇಟ್ಟು, ಕ್ಯಾಮೆರಾ ಕಟ್ಟಿ ದೂರ ಸರಿಯುತ್ತಾರೆ. ಕತ್ತಲಾದ ಮೇಲೆ ತಾಯಿ ಬರುತ್ತದೆ, ಪೆಟ್ಟಿಗೆ ಉರುಳಿಸುತ್ತದೆ, ಮರಿಯ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಬಾಟ್ಲಿ ಬೇಡ, ಹೆಸರಿಡೋದು ಬೇಡ. ನಮ್ಮಲ್ಲೂ 1926ಕ್ಕೆ ಫೋನ್ ಮಾಡಿದರೆ ಅರಣ್ಯ ಇಲಾಖೆಗೆ ಸಿಗುತ್ತದೆ. ಫೋನ್ ಮಾಡಿ, ಅಲ್ಲಿಂದ ಜಾಗ ಖಾಲಿ ಮಾಡಿ. ಮನೆಗೆ ಒಯ್ದು ಇಟ್ಟುಕೊಂಡರೆ ಮೂರರಿಂದ ಏಳು ವರ್ಷ ಜೈಲು ಅನ್ನೋದೂ ಗೊತ್ತಿರಲಿ. ಹಸುವಿನ ಹಾಲು ಮರಿಗೆ ಬೇಧಿ ಹಿಡಿಸುತ್ತದೆ. ಮನೆ ಬೆಕ್ಕಿನ ರೋಗವೂ ತಗಲುತ್ತದೆ. 2023ರಲ್ಲಿ ಬನ್ನೇರುಘಟ್ಟದಲ್ಲಿ ಏಳು ಚಿರತೆ ಮರಿ ಸತ್ತದ್ದು ಬೆಕ್ಕಿಗೆ ಬರೋ ವೈರಸ್ಸಿಂದಲೇ. ಡಾಕ್ಟರುಗಳ ಕಣ್ಣೆದುರೇ ಹಾಗಾದರೆ ನಿಮ್ಮ ಹಟ್ಟಿಯಲ್ಲಿ ಹೇಗೆ?

ತಾಯಿ ನಿಜವಾಗಿಯೂ ಸತ್ತಿದ್ದರೆ, ಬರಲೇ ಇಲ್ಲ ಅಂದರೆ? ಆಗ ಮರಿ ಬನ್ನೇರುಘಟ್ಟಕ್ಕೋ ಇನ್ನೆಲ್ಲಿಗೋ ಹೋಗುತ್ತದೆ, ಜೀವಮಾನ ಪೂರ್ತಿ ಬೇಲಿ ಒಳಗೇ ಇರುತ್ತದೆ. ಬೇಜಾರಿನ ವಿಷಯವೇ, ನನಗೂ ಇಷ್ಟ ಇಲ್ಲ. ಆದರೆ ಸಾಕಿದ ಚಿರತೆಗೆ ಹಾರ ಹಾಕಿ, ಫೋಟೋ ಹೊಡೆಸಿಕೊಂಡು, ಕಾಡಿಗೆ ಬಿಟ್ವಿ ಅಂತ ನಮ್ಮ ಬೇಲಿ ಪಕ್ಕ ಮಾತ್ರ ಇಳಿಸಬೇಡಿ. ನಾಳೆಯಿಂದ ನಮಗೆ ರಾತ್ರಿ ಪಾಳಿ ಕರೆಂಟು.