ಮಿಂಚುಹುಳದ ಬೆಳಕು ವೈರಸ್‌ಗೆ ಯಾಕೆ?

ಬೆಳಕು ಕೊಡುವ ಜೀನ್ ಸೇರಿಸಿ ಹೊಳೆಯುವಂತೆ ಮಾಡಿದ ವೈರಸ್ ಬಗ್ಗೆ ಬಂದ ಒಂದು ಲೇಖನದ ಕೆಳಗೆ ಒಬ್ಬರು, "ಇದು ವೈರಸ್‌ಗೆ ಇನ್ನಷ್ಟು ಬಲ ಕೊಟ್ಟಂಗೆ ಅಲ್ವಾ?" ಅಂತ ಕೇಳಿದ್ದಾರೆ. ಹಾಗಲ್ಲ ಸರ್. ಹೀಗೆ ಗುರುತಿಗೆಂದು ಸೇರಿಸುವ ಜೀನ್‌ಗೆ ರಿಪೋರ್ಟರ್ ಜೀನ್ ಅಂತಾರೆ, ಅದು ಕೊಡುವುದು ಬರೀ ಸುಳಿವು. ವೈರಸ್ ಜೀವಕೋಶದೊಳಗೆ ಹೊಕ್ಕು ಕೆಲಸ ಶುರು ಮಾಡಿದರೆ ಅಲ್ಲಿ ಬೆಳಕು ಕಾಣುತ್ತದೆ, ಅಷ್ಟೇ. ಇಂಥ ಜೀನ್‌ಗಳಿಂದ ಬರುವ ಹೊಳೆಯುವ ಪ್ರೋಟೀನ್‌ಗಳಲ್ಲಿ ಜೆಲ್ಲಿಮೀನಿನ ಹಸಿರು ಪ್ರೋಟೀನ್ ಒಂದು, ಅದಕ್ಕೆ 2008ರಲ್ಲಿ ನೊಬೆಲ್ ಬಂತು. ಇನ್ನೊಂದು ಲೂಸಿಫೆರೇಸ್, ಮಳೆಗಾಲಕ್ಕೆ ಮುಂಚೆ ನಮ್ಮ ಕಾಫಿ ತೋಟದಲ್ಲಿ ಮಿನುಗುತ್ತವಲ್ಲ, ಆ ಮಿಂಚುಹುಳಗಳ ಬೆಳಕಿನ ಗುಟ್ಟು ಅದೇ.

2018ರಲ್ಲಿ ಕೇರಳದ ಕೋಝಿಕ್ಕೋಡ್ ಕಡೆ ಬಾವಲಿಯಿಂದ ಹರಡುವ ನಿಪಾ ವೈರಸ್ ಬಂದಾಗ ಗಡಿಯ ಈಚೆ ಕೊಡಗಿನ ಕುಟ್ಟದಲ್ಲಿ ನಾವೆಲ್ಲ ತುಂಬಾ ಹೆದರಿದ್ದೆವು, ಬಾವಲಿ ಕಚ್ಚಿದ ಹಣ್ಣು ಮುಟ್ಟಬೇಡ ಅಂತ ಅಮ್ಮ ದಿನಾ ಹೇಳುತ್ತಿದ್ದರು. ಅಸಲಿ ನಿಪಾ ಬೆಳೆಸಲು ಪುಣೆಯಲ್ಲಿರುವಂಥ ಬಿಎಸ್‌ಎಲ್-4, ಅಂದರೆ ಅತಿ ಹೆಚ್ಚು ಸುರಕ್ಷತೆಯ ಲ್ಯಾಬೇ ಬೇಕು. ಹಾಗಾಗಿ ಬೇರೊಂದು ವೈರಸ್‌ನ ಸ್ವಂತ ಹೊರಕವಚದ ಜೀನ್ ತೆಗೆದು, ಲೂಸಿಫೆರೇಸ್ ಸೇರಿಸಿ, ಮೇಲೆ ನಿಪಾದ ಪ್ರೋಟೀನ್ ಹೊದಿಸುತ್ತಾರೆ. ಅದು ಕೋಶಕ್ಕೆ ಒಮ್ಮೆ ಹೊಕ್ಕೀತು, ಆದರೆ ಮರಿ ಹಾಕಿ ಹರಡುವುದಿಲ್ಲ. ಅದಕ್ಕೆ ರೋಗದಿಂದ ಚೇತರಿಸಿದವರ ಸೀರಮ್ (ರಕ್ತದ ತಿಳಿ ಭಾಗ) ಬೆರೆಸಿದಾಗ ಬೆಳಕು ಕಡಿಮೆಯಾದರೆ, ಪ್ರತಿಕಾಯಗಳು ವೈರಸ್ಸನ್ನು ತಡೆದವು ಅಂತ ಲೆಕ್ಕ. ನನಗಂತೂ ಇದು ಬಹಳ ದೊಡ್ಡ ಉಪಕಾರ ಅನಿಸುತ್ತದೆ.

ಬಲದ ಮಾತಿಗೆ ಬಂದರೆ, ಸೇರಿಸಿದ ಜೀನ್ ಹೆಚ್ಚಾಗಿ ವೈರಸ್‌ಗೆ ಹೊರೆಯೇ. ಎಷ್ಟೋ ಚಿಕ್ಕ ವೈರಸ್‌ಗಳು ಕೆಲವು ತಲೆಮಾರಿನಲ್ಲೇ ಅದನ್ನು ಕಳಚಿಬಿಡುತ್ತವೆ. ಆಗ ಸೋಂಕು ಇದ್ದರೂ ಬೆಳಕು ಕಾಣುವುದಿಲ್ಲ. ಲೇಖಕರು ಇದನ್ನೂ ಒಂದು ಸಾಲು ಬರೆಯಬೇಕಿತ್ತು.