ಕಾವೇರಿಗೆ ಮರಿ ಬಿಟ್ಟಿರಿ ಸರಿ, ಯಾವ ಮಹಶೀರ್?

ಹೊಳೆಗೆ ಹೊಸನೀರು ಬಂತು ಅಂದರೆ ನನ್ನ ವಾಟ್ಸಾಪಿಗೆ ಒಂದೇ ನಮೂನೆಯ ಫೋಟೊಗಳು ಬರಲು ಶುರು. ಹಿಂದೆ ಫ್ಲೆಕ್ಸು, ಮುಂದೆ ನೀರು, ನಡುವೆ ಶಾಲು ಹೊದ್ದ ಗಣ್ಯರು. ಅವರ ಕೈಯಲ್ಲಿ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಬೆರಳುದ್ದದ ಮೀನುಮರಿಗಳು. 'ಮೀನುಮರಿ ಬಿತ್ತನೆ ಕಾರ್ಯಕ್ರಮ'. ಕೆಳಗೆ ಸಾಲುಸಾಲು ಚಪ್ಪಾಳೆ. ನಾನೊಬ್ಬ ತಲೆಹರಟೆ, ಸುಮ್ಮನಿರಲಾಗದೆ ಕೇಳುತ್ತೇನೆ: ಯಾವ ಮೀನು? ಮಹಶೀರ್ ಅನ್ನುವ ಉತ್ತರ ಬಂದರೆ ಮತ್ತೆ ಕೇಳುತ್ತೇನೆ: ಯಾವ ಮಹಶೀರ್? ಅಲ್ಲಿಗೆ ಗ್ರೂಪು ತಣ್ಣಗಾಗುತ್ತದೆ. ಹೆಚ್ಚೆಂದರೆ ಯಾರಾದರೂ 'ನಿಮಗೆ ಒಳ್ಳೇದು ಮಾಡಿದ್ರೂ ಕೊಂಕೇ ಸಾರ್' ಅಂತ ಬರೆಯುತ್ತಾರೆ.

ಕೊಂಕಲ್ಲ. ಮಹಶೀರ್ ಅಂದರೆ ಒಂದೇ ಮೀನಲ್ಲ, ಹೊಳೆಯ ದೊಡ್ಡ ಮೀನುಗಳ ಒಂದು ಬಳಗ. ಕಾವೇರಿಯ ಮಟ್ಟಿಗೆ ಈ ಒಂದು ಪ್ರಶ್ನೆ ಕೇಳದೇ ಹೋಗಿದ್ದರಿಂದಲೇ ಅದರ ಅತಿ ದೊಡ್ಡ ಮೀನು ಇವತ್ತು ಅಳಿವಿನಂಚಿಗೆ ಬಂದು ನಿಂತಿದೆ ಅನ್ನುವುದು ನನ್ನ ತಿಳಿವಳಿಕೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ಕಾವೇರಿಗೆ ಅದರದ್ದೇ ಆದ ಮಹಶೀರ್ ಒಂದಿದೆ. ತಲೆ ಮುಗಿಯುತ್ತಿದ್ದ ಹಾಗೆ ಬೆನ್ನು ಡುಬ್ಬವಾಗಿ ಏಳುತ್ತದೆ, ರೆಕ್ಕೆಗಳಿಗೆ ಕಿತ್ತಳೆ ಬಣ್ಣ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದ ಇನ್ಯಾವ ಹೊಳೆಯಲ್ಲೂ ಇದು ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು (ಬೇಟೆಯಾದ ಹುಲಿ, ಚಿರತೆಗಳನ್ನು ಜೀವ ಇದ್ದ ಹಾಗೆ ಮಾಡಿ ನಿಲ್ಲಿಸುತ್ತಿದ್ದ ಪ್ರಸಿದ್ಧ ಮನೆತನ) ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಈಗಿನ ಲೆಕ್ಕದಲ್ಲಿ 54 ಕೆ.ಜಿ. ಒಬ್ಬ ಆಳಿನ ತೂಕದ ಮೀನು, ಅದೂ ನಮ್ಮ ಕಬಿನಿಯಲ್ಲಿ! ಗಾಳದಲ್ಲಿ ಹಿಡಿದ ಮಹಶೀರ್‌ಗಳ ಪೈಕಿ ವಿಶ್ವದಾಖಲೆ ಅಂತ ಇವತ್ತಿಗೂ ಅದನ್ನೇ ಹೇಳುತ್ತಾರೆ. ಎಷ್ಟೋ ದೇಶಗಳ ಗಾಳಗಾರರು ಈ ಮೀನಿಗಾಗಿಯೇ ಕಾವೇರಿ ಹುಡುಕಿಕೊಂಡು ಬರುತ್ತಿದ್ದರು.

ಇಷ್ಟು ಹೆಸರು ಮಾಡಿದ ಮೀನು ಯಾವ ಪ್ರಭೇದ ಅನ್ನುವುದು ವಿಜ್ಞಾನಕ್ಕೆ ಖಚಿತವಾಗಿದ್ದು 2018ರಲ್ಲಿ. ಅಲ್ಲಿಯವರೆಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಕೇರಳದ ಪಾಂಬಾರ್ ಹೊಳೆಯಲ್ಲಿ (ಅದರ ನೀರು ಅಮರಾವತಿಯ ಮೂಲಕ ಕಾವೇರಿಗೇ ಸೇರುತ್ತದೆ) ಸಿಕ್ಕಿದ್ದ ಮರಿಮೀನುಗಳನ್ನು ನೋಡಿ 2007ರಲ್ಲಿ 'ಟಾರ್ ರೆಮಾದೇವಿ' ಅಂತ ಒಂದು ಪ್ರಭೇದವನ್ನು ವಿವರಿಸಿದ್ದರು. ಆಮೇಲೆ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ಮೀನು ಸಂಶೋಧಕರು ಕಾವೇರಿ ಕೊಳ್ಳದ್ದೇ ಆದ ಮೋಯಾರ್ ಹೊಳೆಯ ಡುಬ್ಬದ ಮೀನುಗಳನ್ನು ಪರೀಕ್ಷಿಸಿ, ಎರಡೂ ಒಂದೇ ಅಂತ ತೋರಿಸಿಕೊಟ್ಟರು. 2018ರ ಕೊನೆಗೆ, ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಕೆಂಪುಪಟ್ಟಿಯಲ್ಲಿ ಅದು 'ತೀವ್ರ ಅಪಾಯದಲ್ಲಿರುವ' ಜೀವಿಗಳ ಸಾಲಿಗೆ ಸೇರಿತು. ಆ ಸಾಲಿನ ನಂತರ ಉಳಿಯುವುದು ಅಳಿದುಹೋದವುಗಳ ಲೆಕ್ಕ ಮಾತ್ರ.

ಇನ್ನು ಮರಿಗಳ ಕಥೆ. ಹ್ಯಾಚರಿಗಳಲ್ಲಿ (ಮೀನುಮರಿ ಮಾಡಿಸುವ ಕೇಂದ್ರಗಳಲ್ಲಿ) ಸುಲಭಕ್ಕೆ ಸಿಗುವ ಮಹಶೀರ್ ಬೇರೆ, 'ಟಾರ್ ಖುದ್ರಿ', ನೀಲಿ ಛಾಯೆಯ ರೆಕ್ಕೆಯದು. 1839ರಲ್ಲಿ ಸೈಕ್ಸ್ ಅನ್ನುವ ಅಧಿಕಾರಿ ಪುಣೆ ಹತ್ತಿರದ ಮುಳಾ-ಮುಠಾ ಹೊಳೆಯ ಮೀನು ನೋಡಿ ವಿವರಿಸಿದ ಪ್ರಭೇದ. ಅಂದರೆ ಕೃಷ್ಣಾ ಕೊಳ್ಳದ್ದು. ಅದು ಕಡಿಮೆಯಾಗುತ್ತಿದೆ ಅಂತ 1970ರ ದಶಕದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಲೋಣಾವಳದಲ್ಲಿ ಮರಿ ಮಾಡಿಸಲು ಶುರು ಮಾಡಿದರು. ಅದು ನಿಜಕ್ಕೂ ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮರಿಗಳನ್ನು 'ಮಹಶೀರ್ ಉಳಿಸೋಣ' ಅಂತ ಸಿಕ್ಕಸಿಕ್ಕ ಹೊಳೆಗೆ ಬಿಡುತ್ತಾ ಹೋದರಲ್ಲ, ಅವು ಕಾವೇರಿಗೂ ಬಂದವು. ಹಳ್ಳಿಕಾರ್ ತಳಿ ಕಮ್ಮಿಯಾಗುತ್ತಿದೆ ಅಂತ ಕೊಟ್ಟಿಗೆಗೆ ಜರ್ಸಿ ತಂದು ಕಟ್ಟಿದ ಹಾಗಾಯಿತು. ದನ ಉಳಿಯಿತು ಅಂತ ಲೆಕ್ಕ ಬರೆದುಕೊಳ್ಳಬಹುದು, ಹಳ್ಳಿಕಾರ್ ಉಳಿಯಲಿಲ್ಲ.

ಇದು ಬರೀ ಊಹೆ ಅನ್ನುವವರಿಗೆ ಕಾವೇರಿ ದಡದ ಗಾಲಿಬೋರೆಯ ಗಾಳದ ಕ್ಯಾಂಪಿನ ದಾಖಲೆ ಇದೆ. ಅಲ್ಲಿ ಗಾಳಕ್ಕೆ ಬಿದ್ದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ಹೊಳೆಗೇ ಬಿಡುವ ಪದ್ಧತಿ ಇತ್ತು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಸಂಶೋಧಕರು ಮುಂದಿಟ್ಟುಕೊಂಡು ಕೂತರು. ಒಟ್ಟು ಮಹಶೀರ್ ಸಂಖ್ಯೆ ನೋಡಿದರೆ ಏರುತ್ತಲೇ ಹೋಗಿದೆ, ಖುಷಿಪಡುವ ಹಾಗಿದೆ. ಬಿಡಿಸಿ ನೋಡಿದರೆ ಏರಿದ್ದೆಲ್ಲ ನೀಲಿ ರೆಕ್ಕೆಯದು. ಡುಬ್ಬದ ಮೀನು ವರ್ಷ ವರ್ಷಕ್ಕೂ ಇಳಿಯುತ್ತಾ ಬಂದಿದೆ, ಅದರಲ್ಲೂ ಸಣ್ಣ ವಯಸ್ಸಿನವು ಕಾಣುವುದೇ ಅಪರೂಪವಾಗಿದೆ. ದೊಡ್ಡ ಮುದಿ ಮೀನುಗಳು ಮಾತ್ರ ಆಗೊಮ್ಮೆ ಈಗೊಮ್ಮೆ. ಊರಲ್ಲಿ ಬರೀ ಅಜ್ಜಅಜ್ಜಿಯರು ಉಳಿದರೆ ಆ ಊರಿನ ಮುಂದಿನ ಕಥೆ ಏನು? ಈಗ ಕೆಂಪುಪಟ್ಟಿಯಲ್ಲಿ ಖುದ್ರಿಗೆ 'ಅಪಾಯ ಕಡಿಮೆ' ಅನ್ನುವ ಷರಾ, ಕಾವೇರಿಯ ಮೀನಿಗೆ 'ತೀವ್ರ ಅಪಾಯ'. ನಾವು ಉಳಿಸಿದ್ದು ಯಾವುದನ್ನು, ಕಳೆದುಕೊಳ್ಳುತ್ತಿರುವುದು ಯಾವುದನ್ನು ಅಂತ ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಕೆಆರ್‌ಎಸ್ ಕಡೆ ಹೋದವರಿಗೆ ಮೀನು ಫ್ರೈ ಅಂಗಡಿಗಳು ಗೊತ್ತು. ಕೆಂಪು ಮಸಾಲೆ ಬಳಿದು ತಟ್ಟೆಯಲ್ಲಿ ಓರಣವಾಗಿ ಜೋಡಿಸಿಟ್ಟಿರುತ್ತಾರೆ, ಮೇಲೊಂದು ನಿಂಬೆಹಣ್ಣಿನ ಹೋಳು. 'ತಗಳಿ ಸಾ, ಈಗ್ ತಾನೆ ಹೊಳೆಯಿಂದ ಎತ್ತಿದ್ದು, ಕಾವೇರಿ ಮೀನು.' ಎತ್ತಿದ್ದು ಕಾವೇರಿಯಿಂದಲೇ, ಸುಳ್ಳಲ್ಲ. ಆದರೆ ತಟ್ಟೆಯಲ್ಲಿ ಯಾರ್‍ಯಾರಿದ್ದಾರೆ ನೋಡಿ. ಕಟ್ಲಾ, ರೋಹು ಗಂಗೆಯ ಕಡೆಯವರು. ಜಿಲೇಬಿ (ತಿಲಾಪಿಯಾ) ಆಫ್ರಿಕಾದವನು, 1952ರಲ್ಲಿ ಭಾರತಕ್ಕೆ ಕಾಲಿಟ್ಟ. ಕಾಮನ್ ಕಾರ್ಪ್ ಕೂಡ ಹೊರದೇಶದಿಂದ ಬಂದದ್ದೇ. ಇಡೀ ತಟ್ಟೆಯಲ್ಲಿ ಕಾವೇರಿಯಲ್ಲೇ ಹುಟ್ಟಿದ ಕುಲದ್ದು ಅಂತ ಒಂದೂ ಇಲ್ಲದಿದ್ದರೂ ಆಶ್ಚರ್ಯವಿಲ್ಲ. (ನಾನೂ ತಿನ್ನುತ್ತೇನೆ, ಜಿಲೇಬಿ ಫ್ರೈ ರುಚಿಯಾಗಿಯೇ ಇರುತ್ತದೆ. ಅಷ್ಟೇ ಅಲ್ಲ, ಹೊಳೆಯಲ್ಲಿರುವ ಜಿಲೇಬಿಯನ್ನು ಎಷ್ಟು ತಿಂದರೂ ಪುಣ್ಯವೇ.) ಇದರಲ್ಲಿ ಅಂಗಡಿಯ ಅಕ್ಕನ ತಪ್ಪಾಗಲಿ, ಬಲೆ ಬೀಸುವ ಬೆಸ್ತರ ತಪ್ಪಾಗಲಿ ಏನೂ ಇಲ್ಲ. ಹೊಳೆಗೆ ಏನು ಬಿಟ್ಟಿದ್ದೇವೋ ಅದೇ ಅವರ ಬಲೆಗೆ ಬೀಳುತ್ತದೆ. ಜಲಾಶಯದಲ್ಲಿ ಕಟ್ಲಾ ಬಿಡುವುದರಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ, ಅದನ್ನು ನಿಲ್ಲಿಸಿ ಅನ್ನುವಷ್ಟು ದೊಡ್ಡಸ್ತಿಕೆ ನನಗಿಲ್ಲ. ನನ್ನ ತಕರಾರು ಇಷ್ಟೇ: ಅದಕ್ಕೆ ಮೀನುಗಾರಿಕೆ ಅನ್ನಿ, ಸಂರಕ್ಷಣೆ ಅನ್ನಬೇಡಿ. ಜಲಾಶಯಕ್ಕೆ ಬಿಡುವುದನ್ನು ತಂದು ಹರಿಯುವ ಹೊಳೆಗೂ ಸುರಿಯಬೇಡಿ.

ಸರಿ, ಖುದ್ರಿ ಬಿಡುವುದನ್ನು ನಿಲ್ಲಿಸಿ ಡುಬ್ಬದ ಮೀನಿನದೇ ಮರಿ ಮಾಡಿಸಿ ಬಿಟ್ಟರೆ ಆಯಿತಲ್ಲ? ಮೇಲ್ನೋಟಕ್ಕೆ ಹಾಗೆ ಅನಿಸುತ್ತದೆ. ಆದರೆ ಮರಿ ಎಲ್ಲಿ ಬದುಕಬೇಕು?

ಮಹಶೀರ್ ಕೆರೆಯ ಮೀನಲ್ಲ. ಮುಂಗಾರಿನ ನೆರೆ ಏರುವಾಗ ಹೊಳೆಯ ಮೇಲ್ಮುಖಕ್ಕೆ ಹೊರಡುತ್ತದೆ. ಗುಂಡುಕಲ್ಲು, ಗರುಸು ಇರುವ, ನೀರು ತೆಳ್ಳಗೆ ರಭಸವಾಗಿ ಹರಿಯುವ ಜಾಗ ಹುಡುಕಿ ಮೊಟ್ಟೆ ಇಡುತ್ತದೆ. ಮೊಟ್ಟೆ ತಳಕ್ಕೆ ಇಳಿದು ಕಲ್ಲಿನ ಸಂದಿಯಲ್ಲಿ ಕೂರುತ್ತದೆ. ಅಲ್ಲಿ ತಿಳಿನೀರು ಆಡುತ್ತಿರಬೇಕು, ಹೂಳು ಕೂತರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅದೇ ಮೀನಿಗೆ ಆಳದ ಮಡು ಬೇಕು. ಅಂದರೆ ಒಂದೇ ಮೀನಿಗೆ ಮಡುವೂ ಬೇಕು, ಗರುಸೂ ಬೇಕು, ಎರಡರ ನಡುವೆ ಅಡ್ಡಿಯಿಲ್ಲದ ದಾರಿಯೂ ಬೇಕು.

ನಾವು ಈ ಮೂರಕ್ಕೂ ಕೈ ಹಾಕಿದ್ದೇವೆ. ದಾರಿಗೆ ಅಣೆಕಟ್ಟು ಅಡ್ಡ. ಗರುಸು, ಮರಳು ಲಾರಿ ಹತ್ತಿ ಊರು ಸೇರಿ ಮನೆಯಾಯಿತು. ಮಡುವಿಗೆ ತೋಟೆ (ಸಿಡಿಮದ್ದು) ಬಿತ್ತು. ತೋಟೆ ಹಾಕಿದರೆ ಬೇಕಾದ ಒಂದು ಮೀನಿನ ಜೊತೆಗೆ ಮಡುವಿನಲ್ಲಿದ್ದ ಮರಿಮಕ್ಕಳೆಲ್ಲ ಸಾಯುತ್ತವೆ, ಕೆಲವು ಹೊಟ್ಟೆ ಮೇಲಾಗಿ ತೇಲುತ್ತವೆ, ಉಳಿದವು ಮುಳುಗಿ ಕೊಳೆಯುತ್ತವೆ. ಇನ್ನು ಕಿರುಜಲ ವಿದ್ಯುತ್ತಿನ ಸಂಗತಿ. 'ಹಸಿರು ಇಂಧನ' ಅಂತ ಅದಕ್ಕೆ ಒಳ್ಳೆಯ ಹೆಸರಿದೆ. ಕರೆಂಟು ಬೇಕಾದಾಗ ನೀರು ಬಿಡುತ್ತಾರೆ, ಬೇಡವಾದಾಗ ತಡೆಯುತ್ತಾರೆ. ಬೆಳಗ್ಗೆ ಮೊಣಕಾಲುದ್ದ ನೀರಿದ್ದ ಗರುಸಿನ ಹಾಸು ಮಧ್ಯಾಹ್ನಕ್ಕೆ ಬಿಸಿಲಿಗೆ ತೆರೆದುಕೊಂಡರೆ ಅಲ್ಲಿಟ್ಟ ಮೊಟ್ಟೆಯ ಗತಿ ಏನು? ಒಂದು ದಿನ ಹಾಗಾದರೂ ಆ ವರ್ಷದ ಸಂತಾನ ಹೋಯಿತು.

ಮಲೆನಾಡಿನ ಗೆಳೆಯರು ಬೇಜಾರು ಮಾಡಿಕೊಳ್ಳಬಾರದು, 'ಹತ್ತುಮೀನಿನ' ಮಾತು ಎತ್ತದೆ ವಿಧಿಯಿಲ್ಲ. ಮೊದಲ ಮಳೆಗೆ ಹಳ್ಳ, ಗದ್ದೆ ಬಯಲು ಹತ್ತಿ ಬರುವ ಮೀನುಗಳ ಶಿಕಾರಿ ಅಲ್ಲಿ ಹಬ್ಬವೇ. ರಾತ್ರಿ ಟಾರ್ಚು, ಕತ್ತಿ, ಮೀನು ಸಿಕ್ಕಿಸುವ ಬಿದಿರಿನ ಕೂಣಿ. ಹಿಂದೆ ಊರಿಗೆ ನಾಲ್ಕು ಜನ ಹೋಗುತ್ತಿದ್ದರು, ಹೊಳೆ ತಡೆದುಕೊಂಡಿತು. ಈಗ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುತ್ತಾರೆ, ರೀಲ್ಸ್ ಮಾಡುತ್ತಾರೆ. ಆ ಮೀನು ಹತ್ತುವುದು ಮೊಟ್ಟೆ ಇಡಲಿಕ್ಕೆ, ಹೊಟ್ಟೆ ಸೀಳಿದರೆ ಗೊತ್ತಾಗುತ್ತದೆ. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಇಳಿಸುವ ಹಾಗಿಲ್ಲ, ಮಂಗಳೂರು, ಮಲ್ಪೆ ಬಂದರು ಪೂರಾ ನಿಲ್ಲುತ್ತದೆ. ಅಷ್ಟೇ ಬಿಗಿಯಾಗಿ ಒಂದೂವರೆ ತಿಂಗಳು ನಮ್ಮ ಹೊಳೆ ಹಳ್ಳಗಳಿಗೂ ರಜೆ ಸಿಗಲಿ ಅಂದರೆ ನಕ್ಕುಬಿಡುತ್ತಾರೆ.

ದೇವಸ್ಥಾನದ ಮೀನುಗಳಿವೆಯಲ್ಲ ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಶೃಂಗೇರಿ, ಶಿಶಿಲ, ರಾಮನಾಥಪುರ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ. ಸರ್ಕಾರ, ಕಾಯ್ದೆ ಹುಟ್ಟುವ ಎಷ್ಟೋ ಮೊದಲೇ ಜನ ಭಯಭಕ್ತಿಯಿಂದ ಕಾಪಾಡಿಕೊಂಡು ಬಂದ ಜಾಗಗಳಿವು, ನನಗೆ ಅದರ ಮೇಲೆ ಅಪಾರ ಗೌರವ. ಮೆಟ್ಟಿಲ ಮೇಲೆ ಕೂತು ಪುರಿ ಚೆಲ್ಲಿದರೆ ನೀರು ಕುದಿಯುವಂತೆ ಮೀನು ಮೇಲೆದ್ದು ಬರುವುದನ್ನು ನೋಡುವುದೇ ಒಂದು ಸುಖ. ಆದರೆ ಆ ಮೀನು ದೇವರದ್ದಾಗಿರುವುದು ಮೆಟ್ಟಿಲ ಆಸುಪಾಸಿನಲ್ಲಿ ಮಾತ್ರ. ಎರಡು ತಿರುವು ದಾಟಿದರೆ ಅದೇ ಮೀನು ಸಾರಿನ ಮೀನು. ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಅಲ್ಲಿ ಸತ್ತ ಮೀನುಗಳ ಹೆಸರಿನಲ್ಲಿ ಒಂದು ಸ್ಮಾರಕ ಕಟ್ಟಿದ್ದಾರೆ. ಮೀನಿಗಾಗಿ ದುಃಖಪಟ್ಟು ಕಲ್ಲು ನೆಟ್ಟ ಊರು ನಮ್ಮಲ್ಲೇ ಇದೆ ಅನ್ನುವುದು ನನಗೆ ಯಾವ ಯೋಜನಾ ವರದಿಗಿಂತಲೂ ದೊಡ್ಡ ಧೈರ್ಯ. ಆ ಊರಿನವರ ಕೈಗೆ ಮೆಟ್ಟಿಲ ಬುಡದ ಮಡುವಿನ ಜೊತೆಗೆ ಮೇಲೆ ಕೆಳಗೆ ಐದಾರು ಕಿಲೋಮೀಟರ್ ಹೊಳೆಯನ್ನೂ ಕೊಟ್ಟು ನೋಡಬೇಕು.

ಗಾಳದ ಕ್ಯಾಂಪುಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಬೈಯುವವರು ಬೈಯಲಿ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಕ್ಯಾಂಪುಗಳಲ್ಲಿ ಗಾಳ ಹಾಕುವುದು 2012ರ ಹೊತ್ತಿಗೆ ಪೂರ್ತಿ ನಿಂತಿತು. ವನ್ಯಧಾಮದೊಳಗೆ ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸಿ ಆಟ ಆಡುವುದು ಸರಿಯಲ್ಲ ಅನ್ನುವ ವಾದ ನನಗೂ ಅರ್ಥವಾಗುತ್ತದೆ. ಆದರೆ ಆ ಕ್ಯಾಂಪುಗಳಲ್ಲಿ ಹರಿಗೋಲು ಹಾಕುತ್ತಿದ್ದವರು, ಕಾವಲು ಕಾಯುತ್ತಿದ್ದವರು ಸುತ್ತಲ ಊರುಗಳವರೇ. ಅವರಲ್ಲಿ ಕೆಲವರು ಹಿಂದೆ ತೋಟೆ ಹಾಕುತ್ತಿದ್ದವರು. ಜೀವಂತ ಮೀನಿನಿಂದ ಸಂಬಳ ಬರುತ್ತದೆ ಅಂತಾದಾಗ ಅವರೇ ಹೊಳೆ ಕಾದರು. ಆಟ ನಿಲ್ಲಿಸಿದ್ದು ಸರಿ, ಆ ಕಾವಲನ್ನು ಬೇರೆ ಹೆಸರಿನಲ್ಲಾದರೂ ಉಳಿಸಿಕೊಳ್ಳದಿದ್ದದ್ದು ದಡ್ಡತನ. ಮೀನಿನ ಲೆಕ್ಕ ಬರೆಯುವವರೂ ಅಲ್ಲಿಗೆ ಎದ್ದುಹೋದರು.

ಕೊನೆಗೆ ಎಲ್ಲರೂ ಜಾರಿಕೊಳ್ಳುವ ವಿಷಯ, ನೀರು. 2007ರ ಕಾವೇರಿ ನ್ಯಾಯಮಂಡಳಿ ತೀರ್ಪು ನಮಗೆಲ್ಲ ಬಾಯಿಪಾಠ: ತಮಿಳುನಾಡಿಗೆ 419 ಟಿಎಂಸಿ, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7. 2018ರಲ್ಲಿ ಸುಪ್ರೀಂ ಕೋರ್ಟು ನಮ್ಮ ಪಾಲನ್ನು 284.75ಕ್ಕೆ ಏರಿಸಿದಾಗ ಸಿಹಿ ಹಂಚಿದವರಿದ್ದಾರೆ. ಅದೇ 740 ಟಿಎಂಸಿ ಲೆಕ್ಕದಲ್ಲಿ ಪರಿಸರಕ್ಕೆ ಅಂತ 10 ಟಿಎಂಸಿ ಎತ್ತಿಟ್ಟಿದ್ದಾರೆ. ಆ ಹತ್ತರ ಬಗ್ಗೆ ಮಂಡ್ಯದಲ್ಲಾಗಲಿ ತಂಜಾವೂರಿನಲ್ಲಾಗಲಿ ಒಂದು ದಿನ ಯಾರಾದರೂ ರಸ್ತೆಗಿಳಿದಿದ್ದು ನೋಡಿದ್ದೀರಾ? ಎಷ್ಟು ನೀರು ಅನ್ನುವುದರ ಜೊತೆಗೆ ಯಾವಾಗ ಅನ್ನುವುದೂ ಮೀನಿಗೆ ಮುಖ್ಯ. ಹತ್ತೇ ಆದರೂ ಮೊಟ್ಟೆಯ ಕಾಲದಲ್ಲಿ ಏರಿಳಿತವಿಲ್ಲದೆ ಹರಿಸಿದರೆ ಅದಕ್ಕೊಂದು ಅರ್ಥ ಬರುತ್ತದೆ.

ಮೇಕೆದಾಟು ಬಗ್ಗೆ ನಿಮ್ಮ ನಿಲುವೇನು ಅಂತ ಕೇಳೇ ಕೇಳುತ್ತೀರಿ. ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುವ ಕಾವೇರಿಯನ್ನೇ ನಾನು ಬೆಂಗಳೂರಿನಲ್ಲಿ ಕುಡಿಯುತ್ತಿರುವುದು, ಹಾಗಾಗಿ ಹೊಳೆ ದಡದಲ್ಲಿ ಕೂತ ಋಷಿಯಂತೆ ಮಾತಾಡಲಾರೆ. ಆದರೆ ಶಿವನಸಮುದ್ರದ ಜಲಪಾತದಿಂದ ಹೊಗೇನಕಲ್ ದಾಟಿ ಮೆಟ್ಟೂರು ಹಿನ್ನೀರಿನವರೆಗೆ, ದೊಡ್ಡ ಅಣೆಕಟ್ಟಿಲ್ಲದೆ ಕಾವೇರಿ ಹೊಳೆಯ ಹಾಗೆ ಹರಿಯುವುದು ಈ ತುಂಡಿನಲ್ಲಿ. ಡುಬ್ಬದ ಮೀನು ಹೆಸರು ಮಾಡಿದ್ದೂ ಇಲ್ಲೇ. 67 ಟಿಎಂಸಿಯ ಜಲಾಶಯ ಕಟ್ಟಬೇಕು ಅಂತಿರುವುದೂ ಇಲ್ಲೇ. ಹಾಗೆ ಕಟ್ಟಿದರೆ ನಿಂತ ನೀರಿನಲ್ಲಿ ಕಟ್ಲಾ ಬದುಕುತ್ತದೆ, ಜಿಲೇಬಿ ಬದುಕುತ್ತದೆ, ಖುದ್ರಿಯೂ ಹೊಂದಿಕೊಂಡೀತು. ಡುಬ್ಬದ ಮೀನಿಗೆ ಮಾತ್ರ ಆಗದು. ಅದಕ್ಕೂ ಮೊದಲೇ ವೃಷಭಾವತಿಯ ಕೊಳಚೆ ಹೊತ್ತ ಅರ್ಕಾವತಿ ಸಂಗಮದಲ್ಲಿ ಇದೇ ಕಾವೇರಿಗೆ ಬಂದು ಬೀಳುತ್ತಿದೆ. ಶುದ್ಧವಾದದ್ದನ್ನು ಮೇಲಿನಿಂದ ಎತ್ತಿಕೊಂಡು ಗಲೀಜನ್ನು ಕೆಳಗಿನಿಂದ ವಾಪಸು ಕೊಡುವ ಊರು ನಮ್ಮದು. ಅಣೆಕಟ್ಟಿನ ಮಾತು ಆಡುವ ಮುಂಚೆ ಆ ಕೊಳಚೆಯನ್ನು ಶುದ್ಧ ಮಾಡಿ ಮತ್ತೆ ಬಳಸುವ ಲೆಕ್ಕ ಮುಗಿಸಿ ಅನ್ನುವುದು ನನ್ನ ನಿಲುವು. ಕನ್ನಡದ್ರೋಹಿ ಅನ್ನುವವರು ಅನ್ನಬಹುದು. ಈ ಮೀನಿಗಿಂತ ಹಳೆಯ ಕಾವೇರಿ ವಾಸಿ ನಾವ್ಯಾರೂ ಅಲ್ಲ.

ಎರಡು ಕೋರಿಕೆ. ನಿಮ್ಮೂರಲ್ಲಿ ಮರಿ ಬಿತ್ತನೆಗೆ ಕರೆದರೆ ಖಂಡಿತ ಹೋಗಿ. ಹೋದಾಗ ಅಧಿಕಾರಿಗಳನ್ನು ಕೇಳಿ: ಇದು ಯಾವ ಪ್ರಭೇದ, ಯಾವ ಹ್ಯಾಚರಿಯದ್ದು, ತಾಯಿಮೀನು ಯಾವ ಹೊಳೆಯದ್ದು? ಉತ್ತರ ಸಿಗದಿದ್ದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಇದ್ದೇ ಇದೆ.

ಇನ್ನೊಂದು, ಕೊಳ್ಳೇಗಾಲ, ಮಳವಳ್ಳಿ, ಟಿ. ನರಸೀಪುರ, ಕನಕಪುರ, ಎಚ್.ಡಿ. ಕೋಟೆ ಕಡೆಯ ಹಳೆ ಮನೆಗಳವರಿಗೆ. ನಿಮ್ಮ ಅಜ್ಜ, ಮುತ್ತಜ್ಜ ದೊಡ್ಡ ಮೀನು ಹಿಡಿದು ನಿಂತ ಕಪ್ಪುಬಿಳುಪು ಫೋಟೊ ಇದ್ದರೆ ಮೊಬೈಲಿನಲ್ಲಿ ತೆಗೆದು ಇಲ್ಲಿ ಹಾಕಿ, ಯಾವ ಹೊಳೆ, ಯಾವ ಕಡವು, ಸುಮಾರು ಯಾವ ಇಸವಿ ಅಂತಲೂ ಬರೆಯಿರಿ. ಡುಬ್ಬ ಕಾಣುವಂಥ ಫೋಟೊ ಆದರೆ ಇನ್ನೂ ಒಳ್ಳೆಯದು. ಈ ಮೀನು ಒಂದು ಕಾಲಕ್ಕೆ ಎಲ್ಲೆಲ್ಲಿ ಇತ್ತು ಅನ್ನುವುದಕ್ಕೆ ಎಷ್ಟೋ ಕಡೆ ನಮ್ಮ ಹತ್ತಿರ ಬೇರೆ ಪುರಾವೆಯೇ ಇಲ್ಲ.